ಮಂಗಳ ಹಾಡದ ಒಂದು ಆಟ

ಕಳೆದ ಬೇಸಿಗೆಯಲ್ಲಿ ಉಡುಪಿಯ ಕಡಿಯಾಳಿಯ ಮನೆಗೆ ಹೆಂಚು ಬದಲಿಸುವಾಗ ಅಟ್ಟದ ಮೇಲಿನದ್ದೆಲ್ಲ ಅಂಗಳಕ್ಕೆ ಇಳಿಯಿತು. ಹಿತ್ತಾಳೆಯ ಒಡೆದ ಕೌಳಿಗೆ, ಅಜ್ಜನ ಕೊಡೆಯ ಕಡ್ಡಿಗಳು, ನೀರು ಕುಡಿದು ಉಬ್ಬಿದ ಪಂಚಾಂಗಗಳು, ಮತ್ತೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಐದು ವಿಡಿಯೊ ಕ್ಯಾಸೆಟ್. ಮೂರು ಮದುವೆಯದ್ದು. ಒಂದರ ಮೇಲೆ ಏನೂ ಬರೆದಿರಲಿಲ್ಲ. ಐದನೆಯದರ ಬೆನ್ನಿನ ಮೇಲೆ ಬಹರೈನ್ ಮಾವನ ಇಂಗ್ಲಿಷ್ ದೊಡ್ಡಕ್ಷರ: ರೆಸಲ್‌ಮೇನಿಯಾ 4, ಫುಲ್.

‘ಫುಲ್’ ಎಂಬ ಆ ಶಬ್ದವನ್ನು ನೋಡಿ ನಾನು ಅಂಗಳದಲ್ಲಿಯೇ ಕೂತು ನಕ್ಕೆ. ಹೆಂಚಿನ ಕೆಲಸದವರಿಗೆ ಏನೆನ್ನಿಸಿತೋ. ಆ ಕ್ಯಾಸೆಟ್ ಯಾವತ್ತೂ ಫುಲ್ ಆಗಿರಲಿಲ್ಲ. ಅದರಲ್ಲಿ ಇಲ್ಲದ ಕೊನೆಯ ಒಂದು ಕುಸ್ತಿಗಾಗಿ ನಾನೂ ದೊಡ್ಡಮ್ಮನ ಮಗನೂ ಮಾಡಿದಷ್ಟು ಜಗಳವನ್ನು ಆಸ್ತಿಗಾಗಿ ನಮ್ಮ ಹಿರಿಯರು ಮಾಡಿರಲಿಕ್ಕಿಲ್ಲ.

ಮಾವ ಬಂದದ್ದು 1989ರ ಮೇ ತಿಂಗಳಲ್ಲಿ. ಆಗ ಬಜ್ಪೆಗೆ ಗಲ್ಫಿನಿಂದ ನೇರ ವಿಮಾನ ಎಲ್ಲಿ ಬಂತು? ಬೊಂಬಾಯಿಗೆ ಇಳಿದು, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳ ಜೊತೆ ಉಡುಪಿಗೆ. ಆ ಸಲ ಪೆಟ್ಟಿಗೆಯೊಳಗೆ ನ್ಯಾಷನಲ್ ಕಂಪೆನಿಯ ವಿಸಿಆರ್ ಇತ್ತು. ನಮ್ಮ ಟಿವಿ ಕಪ್ಪು-ಬಿಳುಪಿನದ್ದು. ವಿಸಿಆರ್ ಜೋಡಿಸಿದ ಮೇಲೆ ಮಾವ ಮೊದಲು ಹಾಕಿದ್ದು ಇದೇ ಕ್ಯಾಸೆಟ್. ಪೇಟೆಯ ವಿಡಿಯೊ ಲೈಬ್ರರಿಯಲ್ಲಿ ಆಗ ಹಿಂದಿ ಪಿಕ್ಚರು ಬಿಟ್ಟರೆ ಬ್ರೂಸ್ ಲೀ ಹೆಸರು ಹಚ್ಚಿದ ಏನೇನೋ ಸಿಗುತ್ತಿತ್ತು. ಇಂಥದ್ದನ್ನು ನಾವು ಕಂಡಿರಲೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರೆಸಲ್‌ಮೇನಿಯಾ ಅಮೆರಿಕದ ಒಂದು ಕುಸ್ತಿ ಕಂಪೆನಿಯ ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ. ಕಂಪೆನಿಯ ಹೆಸರು ಆಗ ಡಬ್ಲ್ಯುಡಬ್ಲ್ಯುಎಫ್. 2002ರಲ್ಲಿ, ಪ್ರಾಣಿಪಕ್ಷಿಗಳನ್ನು ಉಳಿಸುವ ಅದೇ ಮೂರಕ್ಷರದ ಸಂಸ್ಥೆಯ ಎದುರು ಕೋರ್ಟಿನಲ್ಲಿ ಸೋತ ಮೇಲೆ ಕೊನೆಯ ಅಕ್ಷರ ಬದಲಾಗಿ ಡಬ್ಲ್ಯುಡಬ್ಲ್ಯುಇ ಆಯಿತು. ನಾಲ್ಕನೆಯ ರೆಸಲ್‌ಮೇನಿಯಾ ನಡೆದದ್ದು 1988ರ ಮಾರ್ಚ್ 27ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ. ಚಾಂಪಿಯನ್ ಪಟ್ಟ ಖಾಲಿ ಬಿದ್ದಿತ್ತು. ಖಾಲಿಯಾದ ಕಥೆಯೂ ಸಣ್ಣದಲ್ಲ. ಫೆಬ್ರುವರಿಯಲ್ಲಿ ಹಲ್ಕ್ ಹೋಗನ್ನಿಗೂ ಆಂಡ್ರೆ ದ ಜೈಂಟ್‌ಗೂ ಕುಸ್ತಿಯಾದಾಗ, ಟೆಡ್ ಡಿಬಿಯಾಸಿ ಎಂಬ ‘ಮಿಲಿಯನ್ ಡಾಲರ್’ ಸಾಹುಕಾರ ಅಸಲಿ ರೆಫರಿಯನ್ನು ಅಡಗಿಸಿಟ್ಟು, ಅವನ ಹಾಗೆಯೇ ಕಾಣುವ ಇನ್ನೊಬ್ಬನನ್ನು ರಿಂಗಿಗೆ ಇಳಿಸಿದ. ಹೋಗನ್ನಿನ ಭುಜ ಎದ್ದಿದ್ದರೂ ಆ ಮಾಯಾ ರೆಫರಿ ಮೂರು ಎಣಿಸಿಬಿಟ್ಟ. ಗೆದ್ದ ಆಂಡ್ರೆ ಪಟ್ಟವನ್ನು ಅಲ್ಲೇ ಸಾಹುಕಾರನ ಕೈಗಿಟ್ಟ. ಆ ರೆಫರಿಗಳಿಬ್ಬರು, ಡೇವ್ ಮತ್ತು ಅರ್ಲ್ ಹೆಬ್ನರ್, ನಿಜಕ್ಕೂ ಅವಳಿ ಅಣ್ಣತಮ್ಮಂದಿರು. ಮಾರಿದ ಪಟ್ಟ ನಡೆಯುವುದಿಲ್ಲ ಎಂದು ಕಂಪೆನಿ ಅದನ್ನು ಕಿತ್ತುಕೊಂಡು, 14 ಜನರ ಪಂದ್ಯಾವಳಿ ಇಟ್ಟಿತು.

ಹದಿನಾಲ್ಕು ಜನ, ಒಂದೇ ರಾತ್ರಿ. ಮೂರೂವರೆ ಗಂಟೆ ದಾಟುವ ಕಾರ್ಯಕ್ರಮ. ಅಮೆರಿಕದಲ್ಲಿ ಅದನ್ನು ಮಾರಾಟಕ್ಕೆ ಬಿಟ್ಟ ಕೊಲಿಸಿಯಂ ವಿಡಿಯೊದವರು ಎರಡು ಕ್ಯಾಸೆಟ್ಟುಗಳಲ್ಲಿ ಬಿಟ್ಟಿದ್ದರು. ಮಾವನ ರೂಮ್‌ಮೇಟು ಅದನ್ನು ಒಂದೇ ಇ-180ಕ್ಕೆ ಇಳಿಸಿದ. ಇ-180 ಅಂದರೆ 180 ನಿಮಿಷ. ಎಲ್‌ಪಿ ಎಂಬ ಅರ್ಧ ವೇಗದ ಮೋಡಿನಲ್ಲಿ ಇಟ್ಟಿದ್ದರೆ ಅದೇ ರೀಲು ಆರು ಗಂಟೆ ಓಡುತ್ತಿತ್ತು. ಆದರೆ “ಎಲ್‌ಪಿಯಲ್ಲಿ ಕ್ವಾಲಿಟಿ ಇಲ್ಲ ಮಾರಾಯ” ಎಂಬುದು ಗಲ್ಫಿನವರ ಪ್ರತಿಷ್ಠೆಯ ಮಾತು. ಕ್ವಾಲಿಟಿ ಉಳಿಯಿತು, ಫೈನಲ್ ಹೋಯಿತು.

ಅಜ್ಜಿ ಬಂದು ಕೂತದ್ದು ಮೊದಲ ಸುತ್ತಿನ ನಡುವೆ. ಎಲೆ ಅಡಿಕೆಯ ತಟ್ಟೆ ಪಕ್ಕಕ್ಕಿಟ್ಟು, ಕಾಲು ಚಾಚಿ, ಐದು ನಿಮಿಷ ನೋಡಿದಳು. ಆಮೇಲೆ ತುಳುವಿನಲ್ಲಿ ಕೇಳಿದಳು: “ಉಂದು ಆಟ ಅತ್ತಾ ಮಗಾ?” ಇದು ಆಟ ಅಲ್ವಾ?

ಘಟ್ಟದ ಮೇಲಿನವರಿಗೆ ಆಟ ಎಂದರೆ ಕಬಡ್ಡಿ, ಕ್ರಿಕೆಟ್ಟು. ನಮ್ಮ ಕಡೆ ಅದು ಯಕ್ಷಗಾನವೂ ಹೌದು. “ಇವತ್ತು ಆಟ ಉಂಟು” ಎಂದರೆ ಬಯಲಿನಲ್ಲಿ ರಂಗಸ್ಥಳ ಎದ್ದಿದೆ, ಬೆಳಗಿನ ತನಕ ನಿದ್ದೆ ಇಲ್ಲ ಎಂದರ್ಥ. ನಾನು “ಹೌದು ಅಜ್ಜಿ, ಆಟವೇ” ಅಂದೆ. ನಾನು ಹೇಳಿದ್ದು ಒಂದು ಆಟ, ಅವಳು ಕೇಳಿದ್ದು ಇನ್ನೊಂದು. ಇಬ್ಬರಿಗೂ ಉತ್ತರ ಸಿಕ್ಕಿತ್ತು, ಇಬ್ಬರೂ ಸರಿ ಇದ್ದೆವು. ಇದು ನನಗೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಅವಳು ಎಲ್ಲರಿಗೂ ಹೆಸರಿಟ್ಟಳು. ಹೋಗನ್ ‘ಮೀಸೆಯವ’. ಆಂಡ್ರೆ ‘ಘಟೋತ್ಕಚ’. ಡಿಬಿಯಾಸಿ ‘ಸಾಹುಕಾರ’, ಅವನ ಹಣದ ನಗು ಕೇಳಿದರೆ ಅವಳಿಗೆ ಊರಿನ ಯಾವುದೋ ಹಳೆಯ ಬಾಕಿ ನೆನಪಾಗುತ್ತಿತ್ತು. ರ‍್ಯಾಂಡಿ ಸ್ಯಾವೇಜ್ ‘ಕನ್ನಡಕದವ’. ಸ್ಯಾವೇಜ್ ಪ್ರತಿ ಸುತ್ತಿಗೂ ಬೇರೆ ಬೇರೆ ನಿಲುವಂಗಿ ತೊಟ್ಟು ಬರುತ್ತಿದ್ದ. ನಮ್ಮ ಟಿವಿಯಲ್ಲಿ ಎಲ್ಲವೂ ಬೂದಿ ಬಣ್ಣ. ಆದರೂ ಅಜ್ಜಿ ಕಂಡುಹಿಡಿದಳು: “ವೇಷ ಬದಲು ಮಾಡಿದ ನೋಡು.” ಅವನ ಜೊತೆ ಬರುತ್ತಿದ್ದ ಮಿಸ್ ಎಲಿಜಬೆತ್ ಮೇಲೆ ಮಾತ್ರ ಅವಳಿಗೆ ಕೊನೆತನಕ ಕರುಣೆ. “ಈ ಗಲಾಟೆಯಲ್ಲಿ ಆ ಹೆಣ್ಣಿಗೆ ಎಂತ ಕೆಲಸ? ಗಂಡನಿಗಾದರೂ ಬುದ್ಧಿ ಬೇಡ್ವಾ?” ಗಂಡನಲ್ಲ ಅಜ್ಜಿ, ಅವಳು ಮ್ಯಾನೇಜರ್ ಎಂದು ನಾವು ತಿದ್ದಿದರೆ ಅವಳು ಕೇಳಲಿಲ್ಲ. ಅವರಿಬ್ಬರೂ 1984ರಲ್ಲಿಯೇ ಮದುವೆಯಾಗಿದ್ದರು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಕಥೆಯೊಳಗಿನ ‘ಮದುವೆ’ಯನ್ನು ಕಂಪೆನಿ 1991ರ ಸಮ್ಮರ್‌ಸ್ಲ್ಯಾಮಿನಲ್ಲಿ ಅದ್ದೂರಿಯಾಗಿ ಮಾಡಿಸಿತು. ಮರುವರ್ಷ ಅವರಿಗೆ ನಿಜದ ವಿಚ್ಛೇದನವಾಯಿತು. ವೇಷದ ಮದುವೆಗೆ ನಾವು ಚಪ್ಪಾಳೆ ತಟ್ಟುವಾಗ ಒಳಗಿನ ಮದುವೆ ಮುರಿಯುತ್ತಿತ್ತು.

ಸೆಮಿಫೈನಲ್ ಮುಗಿಯಿತು. ಸ್ಯಾವೇಜ್ ಫೈನಲಿಗೆ. ಹೋಗನ್, ಆಂಡ್ರೆ ಇಬ್ಬರೂ ಮೊದಲೇ ಒಟ್ಟಿಗೆ ಹೊರಬಿದ್ದ ಕಾರಣ ಸಾಹುಕಾರ ಸೆಮಿಫೈನಲ್ ಆಡದೆಯೇ ಫೈನಲಿಗೆ. ಇನ್ನೇನು ಎನ್ನುವಾಗ ಟಿವಿಯಲ್ಲಿ ಇರುವೆ ಮುತ್ತಿಕೊಂಡ ಹಾಗೆ ಚುಕ್ಕೆಗಳು, ಕಟ್ ಎಂಬ ಸದ್ದು, ಆಮೇಲೆ ಯಂತ್ರ ತಾನೇ ರಿವೈಂಡ್ ಆಗತೊಡಗಿತು.

ನಾವು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ಮಾವ ರೂಮ್‌ಮೇಟನ್ನು ಬೈದ. ಅಜ್ಜಿಗೆ ಮಾತ್ರ ಚಿಂತೆ ಬೇರೆಯೇ. ಯಾರು ಗೆದ್ದರು ಎಂಬುದು ಅವಳಿಗೆ ದೊಡ್ಡದಲ್ಲ. “ಮಂಗಳ ಆಗದೆ ಆಟ ನಿಲ್ಲಿಸುವುದುಂಟಾ?” ಎಂದಳು. ಆಟದ ಕೊನೆಗೆ ಬೆಳಗಿನ ಹೊತ್ತು ಭಾಗವತರು ಮಂಗಳ ಹಾಡದೆ ರಂಗಸ್ಥಳದಿಂದ ಯಾರೂ ಏಳಬಾರದು. ನಮ್ಮ ರೋದನ ನಿಲ್ಲದ್ದನ್ನು ಕಂಡು, ತಾಳ ಹಾಕುವ ಹಾಗೆ ಎರಡು ಸಲ ಕೈ ತಟ್ಟಿ, ತಾನೇ ಮಂಗಳದ ಒಂದು ಸಾಲು ಗುನುಗಿ, ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಆ ಕ್ಯಾಸೆಟ್ಟನ್ನು ಎಷ್ಟು ಸಲ ನೋಡಿದ್ದೇವೆ ಎಂಬುದಕ್ಕೆ ಲೆಕ್ಕವಿಲ್ಲ. ಲೆಕ್ಕ ಇದ್ದದ್ದು ರೀಲಿನ ಮೇಲೆಯೇ. ಹೆಚ್ಚು ಇಷ್ಟವಾದಲ್ಲಿ ಹೆಚ್ಚು ಸಲ ಹಿಂದೆ ಮುಂದೆ ಓಡಿಸುತ್ತೇವೆ, ಪಾಸ್ ಒತ್ತಿ ಚಿತ್ರ ನಿಲ್ಲಿಸುತ್ತೇವೆ, ಪಾಸ್ ಒತ್ತಿದಷ್ಟು ಹೊತ್ತು ತಿರುಗುವ ಹೆಡ್ಡು ಒಂದೇ ಜಾಗವನ್ನು ಉಜ್ಜುತ್ತದೆ. ಹಾಗಾಗಿ ಸವೆಯುವುದು ಪ್ರೀತಿಯ ಜಾಗವೇ. ಆಂಡ್ರೆ ರಿಂಗಿನ ಮೇಲಿನ ಹಗ್ಗವನ್ನು ದಾಟಿ ಕಾಲಿಡುವಲ್ಲಿ ಬಿಳಿ ಗೆರೆಗಳು. ಸ್ಯಾವೇಜ್ ಮೂಲೆಯ ಕಂಬ ಹತ್ತಿ ಮೊಣಕೈ ಮೇಲೆತ್ತುವಲ್ಲಿ ಚಿತ್ರವೇ ಬಾಗಿ ಓಲಾಡುತ್ತಿತ್ತು. ಜೇಕ್ ರಾಬರ್ಟ್ಸ್ ಮತ್ತು ರಿಕ್ ರೂಡ್ ಹದಿನೈದು ನಿಮಿಷ ಎಳೆದಾಡಿ ಡ್ರಾ ಮಾಡಿಕೊಂಡ ಕುಸ್ತಿ ಮಾತ್ರ ಕೊನೆಯವರೆಗೆ ಕನ್ನಡಿಯಂತೆ ಸ್ವಚ್ಛವಾಗಿತ್ತು. ಅದನ್ನು ನಾವು ಯಾವಾಗಲೂ ಫಾರ್ವರ್ಡ್ ಮಾಡುತ್ತಿದ್ದೆವು.

ಮಳೆಗಾಲ ಬಂದರೆ ಇನ್ನೊಂದು ಪಾಡು. ಪತ್ತನಾಜೆ ಕಳೆದು, ಅಂದರೆ ಆಟದ ಹಂಗಾಮು ಮುಗಿದು, ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಬಯಲಿನ ಆಟ ಇಲ್ಲ. ಕರೆಂಟು ಇದ್ದಾಗ ಇದೊಂದೇ ಆಟ. ಆದರೆ ವಿಸಿಆರಿನಲ್ಲಿ ‘ಡ್ಯೂ’ ಎಂಬ ಒಂದು ದೀಪವಿತ್ತು. ಒಳಗಿನ ಡ್ರಮ್ಮಿನ ಮೇಲೆ ತೇವ ಕೂತರೆ ಆ ದೀಪ ಹೊತ್ತಿಕೊಂಡು ಯಂತ್ರ ಮುಷ್ಕರ ಹೂಡುತ್ತಿತ್ತು. ತೇವಕ್ಕೆ ರೀಲು ಅಂಟಿಕೊಂಡು ಹರಿಯದಿರಲಿ ಎಂದು ಜಪಾನಿನವರು ಮಾಡಿಟ್ಟ ಉಪಾಯ ಅದು. ಜಪಾನಿನವರಿಗೆ ಉಡುಪಿಯ ಆಷಾಢ ಗೊತ್ತಿರಲಿಲ್ಲ. ಜೂನಿನಿಂದ ಆಗಸ್ಟಿನ ತನಕ ದೀಪ ಆರಿದ್ದೇ ಅಪರೂಪ. ವಿಸಿಆರನ್ನು ಕಂಬಳಿ ಸುತ್ತಿ ಒಲೆಯ ಹಿಂದಿನ ಗೋಡೆಗೆ ತಾಗಿಸಿ ಇಡುತ್ತಿದ್ದೆವು, ಬಾಣಂತಿಯ ಹಾಗೆ. ಕ್ಯಾಸೆಟ್ಟುಗಳು ಅಕ್ಕಿ ಡಬ್ಬಿಯಲ್ಲಿ. ಆದರೂ ರೀಲಿನ ಅಂಚಿಗೆ ಬಿಳಿ ಬೂಸಲು ಬರುತ್ತಿತ್ತು, ಬೂಸಲು ಹೆಡ್ಡಿಗೆ ಹತ್ತುತ್ತಿತ್ತು, ಹೆಡ್ಡು ಒರೆಸಲು ಪೇಟೆಯಿಂದ ಸ್ಪಿರಿಟ್ಟು ತರಬೇಕಿತ್ತು.

ಫೈನಲಿನ ಜಗಳಕ್ಕೆ ಬರುತ್ತೇನೆ. ದೊಡ್ಡಮ್ಮನ ಮಗ ನನಗಿಂತ ಎರಡು ವರ್ಷ ದೊಡ್ಡವ. ಸಾಹುಕಾರನೇ ಗೆದ್ದದ್ದು ಎಂದು ಅವನ ವಾದ: “ಅವ ಒಂದು ಕುಸ್ತಿ ಕಡಿಮೆ ಆಡಿದ್ದಾನೆ, ದಣಿವಿಲ್ಲ, ಆಂಡ್ರೆ ಬೇರೆ ಅವನ ಕಡೆ.” ತರ್ಕ ಗಟ್ಟಿಯೇ. ನಾನು ಕನ್ನಡಕದವನ ಕಡೆ, ನನ್ನಲ್ಲಿ ತರ್ಕ ಇರಲಿಲ್ಲ. ಪಣ ಒಂದು ಗಡ್‌ಬಡ್, ದೊಡ್ಡ ಗ್ಲಾಸಿನ ಐಸ್‌ಕ್ರೀಮು. 1990ರಲ್ಲಿ ಲೈಬ್ರರಿಗೆ ಐದನೆಯ ರೆಸಲ್‌ಮೇನಿಯಾದ ಕ್ಯಾಸೆಟ್ ಬಂತು. ಅದರಲ್ಲಿ ಸ್ಯಾವೇಜ್ ಚಾಂಪಿಯನ್ನಾಗಿಯೇ ಬರುತ್ತಾನೆ, ಹೋಗನ್ನಿಗೆ ಸೋಲುತ್ತಾನೆ. ನಾನು ಕುಣಿದೆ. ಅವನು ಒಪ್ಪಲಿಲ್ಲ. “ನಡುವೆ ಒಂದು ವರ್ಷ ಉಂಟು. ಸಾಹುಕಾರ ಗೆದ್ದು ಆಮೇಲೆ ಸೋತಿರಬಹುದಲ್ಲ? ನೀನು ಕಂಡಿದ್ದೀಯಾ?”

ಕಂಡಿರಲಿಲ್ಲ. ನಮ್ಮ ಇತಿಹಾಸಜ್ಞಾನವೆಲ್ಲ ಹಾಗೆಯೇ, ಕ್ಯಾಸೆಟ್ ಸಿಕ್ಕಿದ ಕ್ರಮದಲ್ಲಿ. 1990ರಲ್ಲಿ ಟೊರಾಂಟೊದಲ್ಲಿ ಅಲ್ಟಿಮೇಟ್ ವಾರಿಯರ್ ಹೋಗನ್ನನ್ನು ಸೋಲಿಸಿದ್ದನ್ನು ಮೊದಲು ನೋಡಿ, 1987ರಲ್ಲಿ ಹೋಗನ್ ಆಂಡ್ರೆಯನ್ನು ಎತ್ತಿ ಒಗೆದದ್ದನ್ನು ಆಮೇಲೆ ನೋಡಿದವರು ನಾವು. ಸೋತ ಮುದುಕ ಮುಂದಿನ ವಾರ ಎಳೆಯನಾಗಿ ಗೆಲ್ಲುತ್ತಿದ್ದ. ಪುರಾಣ ಓದುವವರಿಗೆ ಇದರಲ್ಲಿ ತೊಂದರೆಯೇನೂ ಕಾಣಬಾರದು. ಇವತ್ತು ವಾಲಿವಧೆ, ನಾಳೆ ಸೀತಾಕಲ್ಯಾಣ.

ಎಲ್ಲ ಸುಳ್ಳು ಎಂಬ ಮಾತನ್ನು ಮೊದಲು ತಂದವ ಶಾಲೆಯ ಒಬ್ಬ ಹುಡುಗ. ಅವನಿಗೆ ಬೊಂಬಾಯಿಯ ಅಣ್ಣ ಹೇಳಿದ್ದಂತೆ. “ಮೊದಲೇ ಮಾತಾಡಿಕೊಂಡಿರ್ತಾರೆ ಮಾರಾಯ, ಪೆಟ್ಟು ತಾಗುವುದೇ ಇಲ್ಲ.” ನಾನು ಅವನಿಗೆ ತಾಗುವ ಹಾಗೆಯೇ ಒಂದು ಕೊಟ್ಟೆ. ಆದರೆ ಅವನು ಹೇಳಿದ್ದನ್ನು ಕಂಪೆನಿಯೇ ಆಗಲೇ ಬಾಯಿಬಿಟ್ಟು ಹೇಳಿಯಾಗಿತ್ತು. 1989ರಲ್ಲಿ, ಅದೇ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡೆ ಎಂದರೆ ಸರ್ಕಾರಿ ಆಯೋಗದ ನಿಯಮ, ಶುಲ್ಕ. ಮನರಂಜನೆ ಎಂದರೆ ಅದೆಲ್ಲ ತಪ್ಪುತ್ತದೆ. ಗುಟ್ಟು ಬಿಟ್ಟುಕೊಟ್ಟದ್ದು ಸತ್ಯದ ಮೇಲಿನ ಮೋಹದಿಂದಲ್ಲ, ದುಡ್ಡಿನ ಲೆಕ್ಕದಿಂದ. ಸಾಹುಕಾರ ಮೆಚ್ಚುತ್ತಿದ್ದ.

ಆದರೆ ‘ಸುಳ್ಳು’ ಎಂಬ ಶಬ್ದ ನನಗೆ ಈಗಲೂ ಒಗ್ಗುವುದಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷದವ, ಅಂದರೆ ರಾಕ್ಷಸ ಪಾತ್ರದವ, ತೆರೆಯ ಹಿಂದೆ ಆರ್ಭಟೆ ಕೊಟ್ಟು, ಕಿರೀಟದ ತುದಿಯಷ್ಟೇ ತೋರಿಸಿ, ಅರ್ಧ ಗಂಟೆ ಕಾಯಿಸಿ ಹೊರಗೆ ಬಂದಾಗ ಮುಂದಿನ ಸಾಲಿನ ಮಕ್ಕಳು ಹೆದರಿ ಅಮ್ಮನ ಸೆರಗಿನೊಳಗೆ ಹೊಕ್ಕುತ್ತಾರೆ. ಅದೇ ವೇಷಧಾರಿ ಸಂಜೆ ಬಣ್ಣ ಹಚ್ಚುವ ಚೌಕಿಯಲ್ಲಿ ಬೀಡಿ ಸೇದುತ್ತ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಿದ್ದದ್ದನ್ನು ಆ ಮಕ್ಕಳೇ ಕಂಡಿರುತ್ತಾರೆ. ಇದರಲ್ಲಿ ಯಾವುದು ಸುಳ್ಳು? 1987ರಲ್ಲಿ ಆಂಡ್ರೆಯ ಬೆನ್ನಿಗೆ ಆಪರೇಷನ್ ಆಗಿ ಹೆಚ್ಚು ಸಮಯವಾಗಿರಲಿಲ್ಲ. ಒಂದು ಹೆಗಲಿನ ಕಪ್ಪು ಅಂಗಿಯ ಒಳಗೆ ಅವನು ಪಟ್ಟಿ ಬಿಗಿದುಕೊಂಡಿದ್ದ. ಅವನಾಗಿ ಒಪ್ಪದಿದ್ದರೆ ಯಾವ ಹೋಗನ್ನಿಗೂ ಆ ಶರೀರ ಏಳುತ್ತಿರಲಿಲ್ಲ. ‘ಹದಿನೈದು ವರ್ಷದಿಂದ ಸೋಲೇ ಇಲ್ಲ, ಯಾರೂ ಎತ್ತಿಲ್ಲ’ ಎಂಬುದು ಕಥೆ. ಅದೇ ಹೋಗನ್ 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಅವನನ್ನು ಎತ್ತಿ ಹಾಕಿದ್ದ. 1987ರ ಆ ಕುಸ್ತಿಗೆ 93,173 ಪ್ರೇಕ್ಷಕರು ಎಂದು ಸಾರಿದ ಸಂಖ್ಯೆಯ ಮೇಲೂ ತಕರಾರಿದೆ. ಬೆನ್ನುನೋವು ಮಾತ್ರ ನಿಜ. 1993ರ ಜನವರಿಯಲ್ಲಿ, 46ರ ಪ್ರಾಯದಲ್ಲಿ, ಆಂಡ್ರೆ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

1993 ಎಂದಾಗ ನೆನಪಾಗುವುದು ಆ ವರ್ಷದ ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನದ ಉತ್ಸವ. ಅಷ್ಟೊತ್ತಿಗೆ ಶವಸಂಸ್ಕಾರದವನ ವೇಷದ ಕುಸ್ತಿಪಟು ಅಂಡರ್‌ಟೇಕರ್ ಬಂದಿದ್ದ. 1990ರ ನವೆಂಬರಿನಲ್ಲಿ ಅವನ ಮೊದಲ ಪ್ರವೇಶ, ನಮ್ಮ ಊರಿಗೆ ಕ್ಯಾಸೆಟ್ಟಿನಲ್ಲಿ ತಲುಪುವಾಗ 92. ಅಷ್ಟಮಿಗೆ ಉಡುಪಿಯಲ್ಲಿ ಹುಲಿವೇಷ ಹಾಕುವುದು ದೊಡ್ಡವರು, ದುಡ್ಡಿರುವವರು. ನಮ್ಮಂಥ ಬಡ ಹುಡುಗರು ಏನಾದರೊಂದು ವೇಷ ಹಾಕಿ ರಥಬೀದಿ ಸುತ್ತ ಅಂಗಡಿ ಅಂಗಡಿಗೆ ಹೋಗಿ ಚಿಲ್ಲರೆ ಎತ್ತುವುದು. ದೊಡ್ಡಮ್ಮನ ಮಗ ಅಂಡರ್‌ಟೇಕರ್ ಆದ. ದೊಡ್ಡಪ್ಪನ ಕಪ್ಪು ರೈನ್‌ಕೋಟು, ಕಪ್ಪು ಟೊಪ್ಪಿ, ಕಣ್ಣಿನ ಸುತ್ತ ಮಸಿ. ನಾನು ಪಾಲ್ ಬೇರರ್, ಚಿತಾಭಸ್ಮದ ಕಲಶ ಹಿಡಿದು ಹಿಂದೆ ನಡೆಯುವ ಆ ದಪ್ಪ ಮನುಷ್ಯ. ನಾನು ಆಗ ಕಡ್ಡಿ. ಹೊಟ್ಟೆಗೆ ದಿಂಬು ಕಟ್ಟಿ, ಮುಖಕ್ಕೆ ಒಂದು ಡಬ್ಬಿ ಪೌಡರ್ ಬಳಿದು, ದೇವರಕೋಣೆಯ ತಾಮ್ರದ ಚೊಂಬು ಹಿಡಿದೆ. ಅಮ್ಮನಿಗೆ ಹೇಳಿರಲಿಲ್ಲ. (ಪಾಲ್ ಬೇರರ್ ಆಗಿದ್ದ ವಿಲಿಯಂ ಮೂಡಿ ನಿಜ ಜೀವನದಲ್ಲೂ ಶವಸಂಸ್ಕಾರದ ಕೆಲಸ ಕಲಿತು ಮಾಡಿದ್ದವನು. ಇದನ್ನು ಆಗ ಯಾರಾದರೂ ಹೇಳಿದ್ದರೆ ನಾನು ಚೊಂಬು ಬಿಸಾಡಿ ಓಡುತ್ತಿದ್ದೆ.)

ಅವನು ತಲೆ ತಗ್ಗಿಸಿ ಒಂದೊಂದೇ ಹೆಜ್ಜೆ ಇಡುವುದು, ಅಂಗಡಿಯ ಎದುರು ನಿಂತು ಕಣ್ಣು ಮೇಲೆ ಮಾಡುವುದು, ನಾನು ಚೊಂಬು ಎತ್ತುವುದು. ಮೊದಲ ಅಂಗಡಿಯಲ್ಲಿಯೇ ಯಜಮಾನರು ಕೈಮುಗಿದು “ಓ, ಯಮಧರ್ಮರಾಯ!” ಎಂದು ಎರಡು ರೂಪಾಯಿ ಚೊಂಬಿಗೆ ಹಾಕಿದರು. ಆಮೇಲೆ ಎಲ್ಲರೂ ಹಾಗೆಯೇ. ಯಮ ಬಂದ, ಜೊತೆಗೆ ಚಿತ್ರಗುಪ್ತ. ಒಬ್ಬ ಹೆಂಗಸು ನನ್ನನ್ನೇ ಕೇಳಿದರು: “ಪುಸ್ತಕ ಎಲ್ಲಿ ಮಗಾ, ಲೆಕ್ಕ ಬರೆಯುವುದು?” ಸಂಜೆಗೆ ಜೋರು ಮಳೆ. ಪೌಡರು ಗಂಜಿಯಾಗಿ ಕುತ್ತಿಗೆಗೆ ಇಳಿಯಿತು, ದಿಂಬು ನೀರು ಕುಡಿದು ಮೊಣಕಾಲಿಗೆ ಬಂತು, ಅಂಡರ್‌ಟೇಕರ್ ಮಾತ್ರ ರೈನ್‌ಕೋಟಿನೊಳಗೆ ಬೆಚ್ಚಗಿದ್ದ. 64 ರೂಪಾಯಿ ಆಗಿತ್ತು. ಚೊಂಬಿನ ವಿಷಯದಲ್ಲಿ ಅಮ್ಮನಿಂದ ಸಿಕ್ಕಿದ ಪೆಟ್ಟುಗಳು ತಾಗುವಂಥವೇ.

ಕೇಬಲ್ ಬಂದ ಮೇಲೆ ಕ್ಯಾಸೆಟ್ ಸತ್ತಿತು. ವಾರವಾರವೂ ಕುಸ್ತಿ, ಮನೆಮನೆಯಲ್ಲೂ. ಮಕ್ಕಳ ಕಿಸೆಯಲ್ಲಿ ಎದೆ, ಬೈಸೆಪ್ಸ್, ಗೆದ್ದ ಫೈಟುಗಳ ಲೆಕ್ಕ ಇದ್ದ ಟ್ರಂಪ್ ಕಾರ್ಡು. ಅಂಡರ್‌ಟೇಕರನಿಗೆ ಏಳು ಜನ್ಮ ಎಂಬ ಸುದ್ದಿ ಎಲ್ಲ ಶಾಲೆಗಳಲ್ಲೂ. 1996ರಲ್ಲಿ ಅಕ್ಷಯ್ ಕುಮಾರನ ಪಿಕ್ಚರಿನಲ್ಲಿ ಅಂಡರ್‌ಟೇಕರ್ ಬಂದ ಎಂದು ಊರೆಲ್ಲ ಹಬ್ಬ. ಬಂದದ್ದು ಬ್ರಯನ್ ಲೀ ಎಂಬವ. 1994ರಲ್ಲಿ ಅಮೆರಿಕದಲ್ಲೂ ನಕಲಿ ಅಂಡರ್‌ಟೇಕರ್ ವೇಷ ಹಾಕಿದ್ದು ಇವನೇ. ಕೇಬಲಿನ ಕಾಲವನ್ನು ನಾನು ಹಳಿಯುವುದಿಲ್ಲ, ಆ ಕಾಲದವರಿಗೆ ಅವರದ್ದೇ ನೆನಪುಗಳಿವೆ. ನನಗೆ ಹಿಡಿಸದೆ ಹೋದದ್ದು ಒಂದೇ: ಅದು ಮುಗಿಯುತ್ತಿರಲಿಲ್ಲ. ಈ ವಾರದ ಹೊಡೆತಕ್ಕೆ ಮುಂದಿನ ವಾರ ಉತ್ತರ, ಅದಕ್ಕೆ ಮತ್ತೊಂದು ವಾರ. ಎರಡು ಸಲ ನೋಡುವುದಕ್ಕೆ ಏನೂ ಇರಲಿಲ್ಲ. ಸವೆಯಲು ರೀಲೇ ಇರಲಿಲ್ಲ.

ಅಜ್ಜಿ 1997ರಲ್ಲಿ ಹೋದಳು.

ಹೆಂಚಿನ ಕೆಲಸ ಮುಗಿದ ರಾತ್ರಿ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ರೀಲಿನ ಮೇಲೆಲ್ಲ ಬಿಳಿ ಬೂಸಲು, ಹಪ್ಪಳದ ಹಾಗೆ. ಇದನ್ನು ಹಾಕಲು ಮನೆಯಲ್ಲಿ ಯಂತ್ರವೂ ಇಲ್ಲ. ಮೊಬೈಲಿನಲ್ಲಿ ಹುಡುಕಿದೆ, ಫೈನಲ್ ಸಿಕ್ಕಿತು. ಇಷ್ಟು ವರ್ಷ ಯಾಕೆ ಹುಡುಕಲಿಲ್ಲ ಎಂದು ಕೇಳಿದರೆ ಸರಿಯಾದ ಉತ್ತರ ನನ್ನ ಹತ್ತಿರವಿಲ್ಲ.

ನಮ್ಮ ತಲೆಯೊಳಗೆ ಅದು ಗಂಟೆಗಟ್ಟಲೆಯ ಯುದ್ಧವಾಗಿ ಬೆಳೆದಿತ್ತು. ನಿಜದಲ್ಲಿ ಸಣ್ಣದು. ಸಾಹುಕಾರನ ಕಡೆ ಆಂಡ್ರೆ ನಿಂತು ಸ್ಯಾವೇಜನ ಕಾಲು ಎಳೆಯುತ್ತಾನೆ. ಎಲಿಜಬೆತ್ ಒಳಗೆ ಓಡಿ ಹೋಗಿ ಹೋಗನ್ನನ್ನು ಕರೆತರುತ್ತಾಳೆ. ಆಮೇಲೆ, ಸಾಹುಕಾರ ಸ್ಯಾವೇಜನನ್ನು ಹಿಡಿತದಲ್ಲಿ ಬಿಗಿದಿರುವಾಗ, ರೆಫರಿಯ ಬೆನ್ನ ಹಿಂದೆ, ನಮ್ಮ ಮೀಸೆಯವ ಒಂದು ಕುರ್ಚಿ ಎತ್ತಿ ಅವನ ಬೆನ್ನಿಗೆ ಬಾರಿಸುತ್ತಾನೆ. ಸ್ಯಾವೇಜ್ ಕಂಬ ಹತ್ತುತ್ತಾನೆ, ಮೊಣಕೈ ಬೀಳುತ್ತದೆ, ಮೂರು ಎಣಿಕೆ. ಹೆಂಡತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಪಟ್ಟ ಎತ್ತಿ ಹಿಡಿಯುತ್ತಾನೆ. ಬಣ್ಣದಲ್ಲಿ ಅವನನ್ನು ಆ ರಾತ್ರಿ ಮೊದಲ ಸಲ ಕಂಡೆ.

ಗೆದ್ದದ್ದು ಮೋಸದಿಂದ. ಗದಾಪರ್ವವೇ ಕಣ್ಣಿಗೆ ಬಂತು. ದಡದ ಮೇಲೆ ಕೃಷ್ಣ ತನ್ನ ತೊಡೆ ತಟ್ಟಿ ತೋರಿಸುತ್ತಾನೆ, ಭೀಮನ ಗದೆ ನಿಯಮ ಬಿಟ್ಟು ಕೆಳಗೆ ಇಳಿಯುತ್ತದೆ. ಅಜ್ಜಿ ಆ ಪ್ರಸಂಗವನ್ನು ಎಷ್ಟು ಸಲ ನೋಡಿದ್ದಳೋ, ಪ್ರತಿ ಸಲ ಕೌರವ ಬೀಳುವಾಗ “ಅಯ್ಯೋ ಪಾಪ” ಎಂದು, ಭೀಮ ಗೆದ್ದಾಗ ಕೈಯನ್ನೂ ಮುಗಿಯುತ್ತಿದ್ದಳು.

ಆ ಚೌಕಟ್ಟಿನಲ್ಲಿದ್ದ ಐವರಲ್ಲಿ ಆಂಡ್ರೆ ಮೊದಲು ಹೋದ. 2003ರಲ್ಲಿ ಎಲಿಜಬೆತ್, 2011ರಲ್ಲಿ ಕಾರು ಓಡಿಸುತ್ತಿರುವಾಗಲೇ ಸ್ಯಾವೇಜ್, 2025ರ ಜುಲೈಯಲ್ಲಿ ಹೋಗನ್. ನಾನಿದನ್ನು ಬರೆಯುವ ಹೊತ್ತಿಗೆ ಉಳಿದವ ಸಾಹುಕಾರ ಒಬ್ಬನೇ.

ಮಸ್ಕತ್ತಿನಲ್ಲಿರುವ ದೊಡ್ಡಮ್ಮನ ಮಗನಿಗೆ ಆ ವಿಡಿಯೊ ಕಳಿಸಿ, “ಮೂವತ್ತೈದು ವರ್ಷದ ಬಾಕಿ. ಗಡ್‌ಬಡ್ ಯಾವಾಗ?” ಎಂದು ಕೇಳಿದೆ. ಪೂರ್ತಿ ನೋಡಿಯೇ ಉತ್ತರಿಸಿರಬೇಕು, ಸ್ವಲ್ಪ ಹೊತ್ತು ಬಿಟ್ಟು ಬಂತು: “ಕುರ್ಚಿಯಲ್ಲಿ ಹೊಡೆದದ್ದು ಲೆಕ್ಕಕ್ಕಿಲ್ಲ ಮಾರಾಯ. ಡಿಸ್‌ಕ್ವಾಲಿಫೈ. ಗಡ್‌ಬಡ್ ನೀನೇ ಕೊಡಬೇಕು.”